ಯಾವ ರಾಜ್ಯದವನು ಅಂತ ಕೇಳಿ ಹಾಸಿಗೆ ಕೊಡಬೇಕಾ?

ದೋಸ್ತ, ಬೆಂಗಳೂರಿನಲ್ಲಿ ಕೂತು ಒಳ್ಳೆ ಪ್ರಶ್ನೆ ಕೇಳಿದೆ. "ನಿಮ್ಮ ಬೆಳಗಾವಿಯಲ್ಲಿ ಮನೆಯಿಲ್ಲದವರಿಗೆ ಆಶ್ರಯ ಕೇಂದ್ರ ಇದೆಯಾ? ಇದ್ದರೂ ಮರಾಠಿ ಬಂದವರಿಗೆ ಮಾತ್ರ ಅಲ್ವಾ?" ನಗು ಬಂತು. ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಲಗುವವನಿಗೂ ಕನ್ನಡ, ಮರಾಠಿ ಎರಡೂ ಬರುತ್ತವೆ. ಭಾಷೆ ನಮಗೆ ತೊಂದರೆಯೇ ಅಲ್ಲ. ತೊಂದರೆ ಇರುವುದು ವಿಳಾಸದಲ್ಲಿ.

ಕೇಂದ್ರ ಇದೆ. ಯಾರದೋ ದಾನಧರ್ಮವೂ ಅಲ್ಲ, 2013ರಲ್ಲಿ ಶುರುವಾಗಿ 2024ರಲ್ಲಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಬಂದದ್ದು. ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ, ಹಗಲೂ ರಾತ್ರಿ ತೆರೆದಿರಬೇಕು, ಒಬ್ಬೊಬ್ಬರಿಗೆ 50 ಚದರ ಅಡಿ ಜಾಗ. ಇದು ಆ ಯೋಜನೆಯ ಲೆಕ್ಕವಾಗಿತ್ತು. 2011ರ ಗಣತಿಯಲ್ಲೇ ಈ ಊರಲ್ಲಿ 4.88 ಲಕ್ಷ ಜನ ಇದ್ದರು. ಎಷ್ಟು ಕೇಂದ್ರ ಬೇಕು ಅಂತ ನೀನೇ ಹೇಳು.

ಸೇರುವುದಕ್ಕೆ ನೇರವಾಗಿ ಹೋಗಬಹುದು, ಇಲ್ಲವೇ ಪಾಲಿಕೆಯಲ್ಲಿ ಕೇಳಬಹುದು. ಮನೆಯಲ್ಲಿ ಹೊಡೆತ ತಿಂದು ಬಂದ ಹೆಣ್ಣುಮಗಳಾದರೆ 181ಕ್ಕೆ ಫೋನ್ ಮಾಡಿ, ಸಖಿ ಕೇಂದ್ರದಲ್ಲಿ ಕೆಲವು ದಿನ ಇರಲು ಜಾಗ ಸಿಗುತ್ತದೆ. ಮಕ್ಕಳಿಗೆ 1098, ವಯಸ್ಸಾದವರಿಗೆ 14567. ತಲೆ ಕೆಟ್ಟು ಬೀದಿಯಲ್ಲಿ ಅಲೆಯುವವರನ್ನು ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಹಾಗೇ ಬರೆದಿದೆ. "ನಮ್ಮ ಕೆಲಸ ಅಲ್ಲ" ಅಂದರೆ ಆ ಕಾಯ್ದೆಯ ಹೆಸರು ಹೇಳು, ದನಿ ಬದಲಾಗುತ್ತದೆ.

ಆದರೂ ಎಷ್ಟೋ ಜನ ಬರುವುದಿಲ್ಲ. ಭಿಕ್ಷುಕರನ್ನು ಹಿಡಿಯುವ ವ್ಯಾನಿನ ಹೆದರಿಕೆ ಅವರಿಗೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಹಿಡಿದೊಯ್ಯುವ ನಿರಾಶ್ರಿತರ ಪರಿಹಾರ ಕೇಂದ್ರವೇ ಬೇರೆ, ಈ ಆಶ್ರಯ ಕೇಂದ್ರವೇ ಬೇರೆ. ಅಲ್ಲಿಂದ ಮನಸ್ಸಿಗೆ ಬಂದಾಗ ಹೊರಡಲಾಗುವುದಿಲ್ಲ. ಇಲ್ಲಿ ಬೆಳಿಗ್ಗೆ ಎದ್ದು ಹಮಾಲಿಗೆ ಹೋಗಿ ರಾತ್ರಿ ಮರಳಿ ಬರಬಹುದು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಈಗ ಅಸಲಿ ಗಂಟಿಗೆ ಬರುತ್ತೇನೆ. ನನ್ನ ಅಂಗಡಿ ಸ್ಟೇಷನ್ ಹತ್ತಿರ ಅಲ್ವಾ, ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಯಾರಾದರೂ ಕಟ್ಟೆ ಮೇಲೆ ಕೂತಿರುತ್ತಾರೆ. ಜತ್ ಕಡೆಯ ಮುದುಕನಿಗೆ ಅಚ್ಚ ಕನ್ನಡ, ಆಧಾರ್ ಮಾತ್ರ ಮಹಾರಾಷ್ಟ್ರದ್ದು. ಖಾನಾಪುರದ ಹಳ್ಳಿಯವನಿಗೆ ಮನೆಮಾತು ಮರಾಠಿ, ಅವನು ಪಕ್ಕಾ ಕರ್ನಾಟಕದವನು. ಮೂರನೆಯವನ ಹತ್ತಿರ ಕಾರ್ಡೇ ಇಲ್ಲ, ನಿದ್ದೆಯಲ್ಲಿದ್ದಾಗ ಯಾರೋ ಚೀಲ ಹೊತ್ತೊಯ್ದಿದ್ದಾರೆ. ಇವರನ್ನು ಆಶ್ರಯ ಕೇಂದ್ರಕ್ಕೆ ಕರೆದುಕೊಂಡು ಹೋದರೆ ಬಾಗಿಲಲ್ಲಿ ಕೂತವನ ಮೊದಲ ಮಾತು, "ಆಧಾರ್ ಕೊಡ್ರಿ." ಜತ್ತಿನವನ ಕಾರ್ಡ್ ನೋಡಿ, "ಇವರು ಆ ಕಡೆಯವರು, ಮಿರಜಕ್ಕೆ ಕಳಿಸ್ರಿ." ಕಾರ್ಡಿಲ್ಲದವನಿಗೆ, "ಮಾಡಿಸಿಕೊಂಡು ಬರ್ರಿ." ಮಾಡಿಸಲು ಹೋದರೆ ಅಲ್ಲಿ ವಿಳಾಸ ಕೇಳುತ್ತಾರೆ. ವಿಳಾಸ ಇದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದ?

ಮಜಾ ಏನು ಗೊತ್ತಾ? ಇಂಥವರಿಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆ ಮಾಡಿಸಿಕೊಡುವುದೂ ಆ ಕೇಂದ್ರದ ಕೆಲಸವೇ. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಬರೆದುಕೊಡುವ ಪ್ರಮಾಣಪತ್ರ ಆಧಾರಿನ ವಿಳಾಸಕ್ಕೆ ನಡೆಯುತ್ತದೆ. ಅಂದರೆ ಮೊದಲು ಒಳಗೆ ಮಲಗಬೇಕು, ಕಾರ್ಡ್ ಆಮೇಲೆ. ಬಾಗಿಲಲ್ಲಿ ಕೂತವರು ಉಲ್ಟಾ ಹಿಡಿದಿದ್ದಾರೆ. ಆ ಯೋಜನೆ ಕೇಂದ್ರ ಸರ್ಕಾರದ್ದು, ಪಕ್ಕದ ರಾಜ್ಯದವನು ಅಂತ ಹೊರಗೆ ಹಾಕುವ ಮಾತು ಅದರಲ್ಲಿರಲಿಲ್ಲ. ಮಹಾರಾಷ್ಟ್ರದ ರೇಷನ್ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಕೇಂದ್ರದ ಪಾಲಿನ ಅಕ್ಕಿ ಸಿಗುತ್ತದೆ. ಅಕ್ಕಿ ಗಡಿ ದಾಟಬಹುದು, ತಿನ್ನುವವನು ಮಲಗಬಾರದು!

ನೀವು ಬೆಂಗಳೂರಿನವರು ಗಡಿ ಅಂದರೆ ಮಹಾಜನ ವರದಿ ಅಂತೀರಿ, ಸುವರ್ಣಸೌಧದ ಅಧಿವೇಶನ ಅಂತೀರಿ. 2022ರ ಡಿಸೆಂಬರಿನಲ್ಲಿ ಜಗಳಕ್ಕೆ ಎರಡೂ ರಾಜ್ಯಗಳ ನಡುವೆ ಬಸ್ಸು ನಿಂತವಲ್ಲ, ಅದು ಟಿವಿಯಲ್ಲಿ ಬಂತು. ಕಾರ್ಡ್ ನೋಡಿ ಮಿರಜ ತೋರಿಸುವುದು ಬರಲಿಲ್ಲ. ನಾನು ರಾಜ್ಯೋತ್ಸವಕ್ಕೆ ಚನ್ನಮ್ಮ ಸರ್ಕಲ್ಲಿನಲ್ಲಿ ಕುಣಿಯುವವನೇ. ಹಾಗಂತ ಆ ಮುದುಕನ ಕನ್ನಡ ನನ್ನ ಕನ್ನಡಕ್ಕಿಂತ ಕಡಿಮೆಯಾ? ಮರಾಠಿಯವನಾಗಿದ್ದರೂ ಚಳಿ ಅಷ್ಟೇ ಅಲ್ವಾ?

ಬಾಗಿಲಿಗೆ "ಕಾರ್ಡ್ ಇಲ್ಲದಿದ್ದರೂ ಒಳಗೆ ಬನ್ನಿ" ಅಂತ ಬೋರ್ಡ್ ಹಾಕಿಸಿ ಅಂತ ಅರ್ಜಿ ಕೊಟ್ಟಿದ್ದೇವೆ. ಯಾವ ಭಾಷೆಯಲ್ಲಿ ಎಂಬ ಚರ್ಚೆ ಅದಾಗಲೇ ಶುರುವಾಗಿದೆ. ನನ್ನ ಅಭಿಪ್ರಾಯ ಸರಳ: ಕಾನೂನಿನಂತೆ ಶೇ 60 ಕನ್ನಡ ಇರಲಿ, ಮೇಲೆಯೇ ಇರಲಿ. ಉಳಿದ 40ರಲ್ಲಿ ಮರಾಠಿ ಬರೆಯಲಿ. ಪೇಂಟರ್ ನಮ್ಮ ಓಣಿಯವನೇ, ಎರಡೂ ಬರೆಯುತ್ತಾನೆ.