ಹಾಲಿನ ಲೆಕ್ಕದ ಪಕ್ಕದಲ್ಲಿ

ದಾವಣಗೆರೆಯ ವಿದ್ಯಾನಗರದಿಂದ ಒಬ್ಬ ತಾಯಿ ಬರೆದಿದ್ದಾರೆ. ಕೆಲಸ ಹರಿಹರದಲ್ಲಿ. ಬೆಳಿಗ್ಗೆ 8ರ ಬಸ್ಸಿಗೆ ಹೊರಟರೆ ಮನೆ ಸೇರುವುದು ಸಂಜೆ 7ಕ್ಕೆ. ಗಂಡ ದಿನಾ ಚಿತ್ರದುರ್ಗಕ್ಕೆ ಹೋಗಿ ಬರುತ್ತಾರೆ. 14 ತಿಂಗಳ ಮಗಳು ಅತ್ತೆಯ ಹತ್ತಿರ. ಹೋದ ತಿಂಗಳು ಮಗಳು ಮೊದಲ ಸಲ ನಡೆದಾಗ ತಾನು ಆಫೀಸಿನಲ್ಲಿದ್ದೆ ಅಂತ ಇವರಿಗೆ ನಿದ್ದೆ ಇಲ್ಲ. ಫೋನಿನಲ್ಲಿ 6,000 ಫೋಟೊ ಇವೆ, ತೆಗೆದು ನೋಡೋಕೆ ಪುರುಸೊತ್ತಿಲ್ಲ. ‘ಕೆಲಸ ಬಿಡಲಾ? ಇಲ್ಲಾ ಒಳ್ಳೆ ಆ್ಯಪ್ ಇದ್ದರೆ ಹೇಳಿ’ ಅಂತ ಕೇಳಿದ್ದಾರೆ.

ಕೆಲಸ ಬಿಡಬೇಡಿ. ಆ್ಯಪ್ ಕೂಡ ಬೇಡ.

ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೀರಿ. ಅತ್ತೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ, ‘ಅರ್ಧ ಲೀಟರ್’ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ‘ನಡದ್ಲು, ನಾಕು ಹೆಜ್ಜೆ’ ಅಂತ ಬರೆದಿದ್ದಾರಂತೆ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಆಕೆ ಹೆಜ್ಜೆ ಎಣಿಸಿದ್ದಾರೆ! ಕಳೆದುಹೋಯಿತು ಅಂತ ನೀವು ಅಳುತ್ತಿರುವುದು ನಿಮ್ಮ ಅಡುಗೆಮನೆ ಗೋಡೆಯ ಮೇಲೇ ನೇತಾಡುತ್ತಿದೆ.

ನನಗೆ ಸಿಟ್ಟು ಬಂದಿದ್ದು ನಿಮ್ಮ ಯಜಮಾನರ ಮೇಲೆ. ಹೋದ ವರ್ಷದ ಕ್ಯಾಲೆಂಡರನ್ನು ಜನವರಿಯಲ್ಲಿ ರದ್ದಿಗೆ ಹಾಕಿ, ‘ಫೋನಲ್ಲಿ ಎಲ್ಲಾ ಇದೆಯಲ್ಲ’ ಅಂದರಂತೆ. ಎಲ್ಲಾ ಎಲ್ಲಿದೆ? ಮೊದಲ ಹಲ್ಲು ಬರುವಾಗ ಎಷ್ಟು ರಾತ್ರಿ ಅತ್ತಳು, ಅಜ್ಜಿ ಏನು ಹಾಡಿ ಮಲಗಿಸಿದರು, ಅದು ಫೋನಿನಲ್ಲಿದೆಯಾ? ಮೂರು ವರ್ಷದೊಳಗೆ ನಡೆದದ್ದು ದೊಡ್ಡವರಾದ ಮೇಲೆ ಹೆಚ್ಚುಕಮ್ಮಿ ಯಾರಿಗೂ ನೆನಪಿರುವುದಿಲ್ಲ. ನಾಳೆ ಮಗಳು ಕೇಳಿದರೆ, ನೋಡಿದವರೇ ಹೇಳಬೇಕು. ನೋಡಿದವರು ಅತ್ತೆ. ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮನೆಯ ಹಿರಿಯರಿಗೆ ಮಗುವನ್ನು ಒಪ್ಪಿಸಿ ಹೋದರೆ ಸಾಲದು, ಸಂಜೆ ಅವರ ಮಾತು ಕೇಳಬೇಕು.

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ಒಂದು 200 ಪುಟದ ನೋಟ್‌ಬುಕ್ ತಂದು ಅತ್ತೆ ಪಕ್ಕ ಕೂತು, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ತಾರೀಖು ನೆನಪಾಗದಿದ್ದರೆ ತಾಯಿ ಕಾರ್ಡ್ ತೆಗೆಯಿರಿ, ಇಂಜೆಕ್ಷನ್ ಹಾಕಿಸಿದ ದಿನಗಳು ಅದರಲ್ಲಿವೆ. ‘ಒಂಬತ್ತು ತಿಂಗಳಿಗೆ ದಡಾರದ ಇಂಜೆಕ್ಷನ್ ಹಾಕಿಸಿದೆವಲ್ಲ, ಆಗ ಹಲ್ಲು ಎಷ್ಟಿದ್ದವು?’ ‘ಗೌರಿ ಹಬ್ಬಕ್ಕೆ ಅಂಬೆಗಾಲು ಇಡ್ತಿದ್ದಳಾ?’ ಹೀಗೆ ಕೇಳಿದರೆ ಒಂದೊಂದಾಗಿ ನೆನಪಾಗುತ್ತೆ. ಖಾರ ಮಂಡಕ್ಕಿ ಜಾಸ್ತಿನೇ ಕಲಸಿಟ್ಟುಕೊಳ್ಳಿ, ಹೊತ್ತು ಹೋಗುತ್ತೆ.

ಈ ವರ್ಷದ ಕ್ಯಾಲೆಂಡರನ್ನು ಯಜಮಾನರು ಮುಟ್ಟುವುದು ಬೇಡ. ಡಿಸೆಂಬರ್ ಮುಗಿದ ಮೇಲೆ ಅತ್ತೆಯೇ ಇಳಿಸಿ, ಮಡಚಿ, ಆ ನೋಟ್‌ಬುಕ್ಕಿನೊಳಗೆ ಇಡಲಿ.