ನೆರೆ ಪರಿಹಾರ ಎಷ್ಟು ಪರ್ಸೆಂಟ್ ಅಂತ ಕೇಳೋ ಮೊದ್ಲು, ಗದ್ದೆಗೆ ಜೆಸಿಬಿ ಇಳಿಸ್ಬೇಡಿ

ಹೊಳೆ ನೀರು ನುಗ್ಗಿ ಅಂಗಡಿ ಸಾಮಾನೂ ಹೋಯ್ತು, ಎರಡು ಎಕರೆ ಗದ್ದೆನೂ ಹೋಯ್ತು, ಸರ್ಕಾರ ನಷ್ಟದಲ್ಲಿ ಎಷ್ಟು ಪರ್ಸೆಂಟ್ ಕೊಡುತ್ತೆ, ಬರೋ ತನಕ ಕಾಯೋದಾ ಇಲ್ಲ ಸಾಲ ಮಾಡಿ ಶುರು ಮಾಡೋದಾ ಅಂತ ಕೇಳಿದೀರ. ನಂದೂ ಇದೇ ಕಥೆ, ಅಂಗಡಿ ಬದ್ಲು ಹಿಟ್ಟಿನ ಗಿರಣಿ ಅಷ್ಟೇ. ಮೂಡಿಗೆರೆ ತಾಲೂಕು, ಹೇಮಾವತಿ ದಂಡೆ. ಹೊಳೆ ಜಾವಳಿ ಹತ್ರ ಹುಟ್ಟೋದು, ನಮ್ಮ ಕಡೆ ಬರೋ ಹೊತ್ತಿಗೆ ಇನ್ನೂ ಚಿಕ್ಕದು, ಬೇಸಿಗೇಲಿ ಪಂಚೆ ಎತ್ಕಟ್ಟಿ ದಾಟ್ಬಹುದು. ಅದೇ ಹೊಳೆ 2019ರ ಆಶ್ಲೇಷ ಮಳೇಲಿ ಗದ್ದೆ ಬಯಲೆಲ್ಲ ತಾನೇ ಆಗಿಬಿಡ್ತು. ಆಗ ಚಾರ್ಮಾಡಿ ಘಾಟಿ ಬಂದ್, ಮಲೆಮನೆ ಮಧುಗುಂಡಿ ಕಡೆ ಗುಡ್ಡನೇ ಜಾರಿ ಮನೆ ತೋಟ ಎಲ್ಲ ಹೋಗಿತ್ತು, ಆಫೀಸರುಗಳೆಲ್ಲ ಆ ಕಡೆನೇ ಇದ್ರು, ಇರ್ಬೇಕಾದ್ದೇ. ನಮ್ಮಂಥ ಗದ್ದೆ ನೋಡೋಕೆ ಬರೋದು ಲೇಟಾಗುತ್ತೆ ಅಂತ ನಮಗೂ ಗೊತ್ತಿತ್ತು.

ಅಲ್ಲೇ ನಾನು ತಪ್ಪು ಮಾಡಿದ್ದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದ್ರೂ ಓದಿ, ಯಾಕಂದ್ರೆ ನೀವು ಇವತ್ತೋ ನಾಳೆನೋ ಅದನ್ನೇ ಮಾಡೋ ಹಾಗೆ ಕಾಣ್ತಿದೆ.

ನೀರು ಇಳಿದ ಮೇಲೆ ನೋಡಿದ್ರೆ ಹೊಳೆ ಕಡೆ ಬದು ಒಡೆದು ಒಂದರ್ಧ ಎಕರೆಯಷ್ಟು ಕೊರೆದು ಹೋಗಿತ್ತು, ಮಿಕ್ಕಿದ್ದರ ಮೇಲೆಲ್ಲ ಮರಳು, ಕೆಲವು ಕಡೆ ಮೊಣಕಾಲುದ್ದ. ನಾಟಿ ಮಾಡಿ ಹೆಚ್ಚು ದಿನ ಆಗಿರ್ಲಿಲ್ಲ, ಒಂದು ಗರಿನೂ ಕಾಣ್ತಿರ್ಲಿಲ್ಲ. ಮೇಲಿನ ಗದ್ದೆಯವ್ರ ಹತ್ರ ಸಸಿ ಉಳಿದಿತ್ತು, ಬೇಕಾದ್ರೆ ತಗೊಂಡೋಗಿ, ಈಗ್ಲೇ ನೆಟ್ರೆ ಇನ್ನೂ ಆಗುತ್ತೆ ಅಂದ್ರು. ವರ್ಷದ ಅನ್ನ ಅದು. ನಾನು ಹಿಂದೆ ಮುಂದೆ ನೋಡ್ಲಿಲ್ಲ, ಜೆಸಿಬಿ ಕರೆಸ್ದೆ, ಮರಳೆಲ್ಲ ಬಳಿದು ಆ ಕೊರಕಲಿಗೇ ತುಂಬಿಸ್ದೆ, ಮಟ್ಟ ಮಾಡಿಸ್ದೆ, ಮತ್ತೆ ನಾಟಿನೂ ಹಾಕಿಸ್ದೆ. ಊರೋರು ಭೇಷ್ ಅಂದ್ರು, ಬೇರೆಯವ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರೆ ಇವ್ನು ನೋಡು ಎದ್ದು ನಿಂತ ಅಂತ.

ಜಂಟಿ ಸರ್ವೆ ಬಂತು. ವಿಎ (ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ), ಕೃಷಿ ಇಲಾಖೆಯವ್ರು ಒಟ್ಟಿಗೆ ಬರ್ತಾರಲ್ಲ ಅದು. ನನ್ನ ಗದ್ದೆ ಬದು ಮೇಲೆ ನಿಂತು ನೋಡಿದ್ರು. ಹಸಿರು ನಾಟಿ, ಮಟ್ಟವಾದ ಗದ್ದೆ. "ಇಲ್ಲೇನು ನಷ್ಟ ಆಗಿದೆ ಸ್ವಾಮಿ, ಚೆನ್ನಾಗೇ ಇದೆಯಲ್ಲ" ಅಂದ್ರು. ನಾನು ಆಗಿದ್ದೆಲ್ಲ ಹೇಳ್ದೆ, ಫೋನಲ್ಲಿದ್ದ ಫೋಟೋ ತೋರಿಸ್ದೆ. ಆ ಫೋಟೋ ಆಚೆ ದಡದಿಂದ ನನ್ನ ಮಗ ತೆಗ್ದಿದ್ದು, ಅದ್ರಲ್ಲಿ ಬರೀ ಕೆಂಪು ನೀರು, ಯಾರ ಗದ್ದೆ ಯಾವ ಸರ್ವೆ ನಂಬರು ಅಂತ ದೇವ್ರಿಗೂ ಗೊತ್ತಾಗಲ್ಲ. ಅವ್ರು ಕೆಟ್ಟೋರಲ್ಲ ರೀ, ಲಂಚನೂ ಕೇಳ್ಲಿಲ್ಲ, ಕಣ್ಣಿಗೆ ಕಂಡಿದ್ದನ್ನ ಬರ್ಕೊಂಡ್ರು, ಅವ್ರ ಫೋನಲ್ಲೂ ಹಸಿರು ಗದ್ದೆ ಫೋಟೋನೇ ಹೋಯ್ತು.

ಇದ್ರಲ್ಲಿ ಏನೇನು ಕಳ್ಕೊಂಡೆ ನೋಡಿ. ಪ್ರಕೃತಿ ವಿಕೋಪ ಪರಿಹಾರದಲ್ಲಿ ಹೆಡ್ಡುಗಳು, ಅಂದ್ರೆ ಯಾವುದಕ್ಕೆ ಅಂತ ದುಡ್ಡು ಕೊಡೋ ಬಾಬ್ತುಗಳು, ಬೇರೆ ಬೇರೆ ಇವೆ. ಒಂದು ಬೆಳೆ ನಷ್ಟ, ಶೇಕಡಾ 33ಕ್ಕಿಂತ ಜಾಸ್ತಿ ಹೋಗಿರ್ಬೇಕು. ಆಗ ಮಳೆಯಾಶ್ರಿತ ಗದ್ದೆಗೆ ಹೆಕ್ಟೇರಿಗೆ 6,800 ಇತ್ತು, ಆ ವರ್ಷ ರಾಜ್ಯ ಸರ್ಕಾರ ಮೇಲೆ 10,000 ಸೇರಿಸಿ 16,800 ಮಾಡಿತ್ತು. ಎರಡನೇದು ಜಮೀನಲ್ಲಿ ಕೂತ ಹೂಳು ಮರಳು ತೆಗೆಯೋಕೆ, ಸಣ್ಣ ಅತಿಸಣ್ಣ ರೈತರಿಗೆ ಆಗ ಹೆಕ್ಟೇರಿಗೆ 12,200. ಮೂರನೇದು ಗುಡ್ಡ ಜಾರಿಯೋ ಹೊಳೆ ದಿಕ್ಕು ಬದಲಾಗಿಯೋ ಜಮೀನೇ ಕೊಚ್ಚಿಹೋದ್ರೆ, ಅದಕ್ಕೆ ಆಗ 37,500. ಮರಳಿನ ಹೆಡ್ಡಿಗೆ ಮೂರು ಇಂಚಿಗಿಂತ ಜಾಸ್ತಿ ಕೂತಿದೆ ಅಂತ ಅಧಿಕಾರಿ ನೋಡಿ ಸರ್ಟಿಫೈ ಮಾಡ್ಬೇಕು. ನಾನು ಬಳಿದು ಹಾಕಿದ್ಮೇಲೆ ಯಾವ ಇಂಚು ಅಳೀತಾರೆ? ಕೊರಕಲಿಗೆ ಅದೇ ಮರಳು ತುಂಬಿಸಿದ್ಮೇಲೆ ಜಮೀನು ಹೋಗಿದೆ ಅಂತ ಹೆಂಗೆ ಬರೀತಾರೆ? ಮತ್ತೆ ನಾಟಿ ಮಾಡಿದ್ಮೇಲೆ ಬೆಳೆ ನಷ್ಟ ಎಲ್ಲಿಂದ ಬರುತ್ತೆ? ಒಂದೇ ಜೆಸಿಬಿ ಕೆಲಸಕ್ಕೆ ಮೂರೂ ಹೆಡ್ಡು ಹೋಯ್ತು, ಜೆಸಿಬಿ ಬಾಡಿಗೆ ನನ್ನ ಕೈಯಿಂದ. ಪಕ್ಕದ ಗದ್ದೆಯವ್ರು ಏನೂ ಮುಟ್ಟದೆ ಬಿಟ್ಟಿದ್ರು, ಅವ್ರ ಹೆಸರು ಪಂಚಾಯ್ತಿ ಬೋರ್ಡಲ್ಲಿ ಪರಿಹಾರದ ಪಟ್ಟೀಲಿ ಬಂತು. ಆಮೇಲೆ ತಾಲೂಕಾಫೀಸಿಗೆ ಅರ್ಜಿ ಕೊಟ್ಟೆ, ಮರುಸರ್ವೆ ಕೇಳ್ದೆ, ಸ್ಥಳದಲ್ಲಿ ಗುರುತೇ ಇಲ್ಲದ ಮೇಲೆ ಏನು ಮಾಡೋದು ಅಂದ್ರು. ಅವ್ರು ಹೇಳಿದ್ದು ಸರೀನೇ.

ಹಂಗಂತ ಗದ್ದೆ ಹಾಳು ಬಿಟ್ಕೊಂಡು ಕೂತಿರಿ ಅಂತಲ್ಲ. ಮಷೀನ್ ಇಳಿಸೋ ಮೊದ್ಲು ತಹಶೀಲ್ದಾರ್‌ಗೆ ಒಂದು ಅರ್ಜಿ ಕೊಟ್ಟು, ನಿಮ್ಮ ಕಾಪಿ ಮೇಲೆ ಸೀಲು ತಾರೀಖು ಹಾಕಿಸ್ಕೊಳ್ಳಿ. ಹೋಬಳಿ ನಾಡಕಚೇರೀಲೂ ಕೊಡ್ಬಹುದು. ವಿಎಗೆ ಫೋನ್ ಮಾಡಿ, ಒಂದು ಸಲ ಬಂದು ಮಹಜರು ಬರ್ಕೊಂಡು ಹೋಗಿ ಆಮೇಲೆ ತೆಗೀತೀನಿ ಅನ್ನಿ. ಬರೋಕಾಗ್ಲಿಲ್ಲ ಅಂದ್ರೆ ಅಕ್ಕಪಕ್ಕದ ಗದ್ದೆಯವ್ರ ಸೈನ್ ಹಾಕಿಸಿ ನೀವೇ ಬರೆದಿಡಿ. ಮರಳಿಗೆ ಒಂದು ಕೋಲು ಚುಚ್ಚಿ ಅದ್ರ ಪಕ್ಕ ಟೇಪು ಹಿಡಿದು ಫೋಟೋ ತೆಗೀರಿ, ಫೋಟೋದಲ್ಲಿ ಬಾಂದು ಕಲ್ಲೋ ಪಂಪ್‌ಹೌಸೋ ಏನಾದ್ರೂ ಗುರುತು ಕಾಣ್ಲಿ, ಜಿಪಿಎಸ್ ತಾರೀಖು ಬರೋ ಕ್ಯಾಮರಾ ಆಪ್ ಹಾಕ್ಕೊಳ್ಳಿ. ಒಂದು ಮೂಲೆ ಇದ್ದ ಹಾಗೇ ಬಿಡಿ, ಸರ್ವೆ ಮುಗಿಯೋ ತನಕ ಆ ಮೂಲೆ ಮುಟ್ಬೇಡಿ. ಕೊಟ್ಟಿಗೇಲಿ ದನ ಏನಾದ್ರೂ ಹೋಗಿದ್ರೆ ಹೂಳೋ ಮೊದ್ಲು ಪಶು ಡಾಕ್ಟರ್ ಕರೆಸಿ ಪೋಸ್ಟ್‌ಮಾರ್ಟಂ ಮಾಡಿಸಿ, ಹಾಲು ಕರೆಯೋ ಹಸುಗೆ 2022-26ರ ರೇಟಲ್ಲಿ 37,500 ಇತ್ತು, ವಾಸನೆ ಬರುತ್ತೆ ಅಂತ ಅವಸರದಲ್ಲಿ ಹೂತು ಕಳ್ಕೊಂಡೋರು ನಮ್ಮೂರಲ್ಲೇ ಇದಾರೆ.

ಈಗ ನಿಮ್ಮ ಪರ್ಸೆಂಟ್ ಪ್ರಶ್ನೆ. ಆ ಲೆಕ್ಕನೇ ತಪ್ಪು ಸ್ವಾಮಿ. ನಿಮ್ಮ ನಷ್ಟ ಎಷ್ಟು ಲಕ್ಷ ಅಂತ ಯಾರೂ ಲೆಕ್ಕ ಹಾಕಲ್ಲ, ಹೆಕ್ಟೇರಿಗೆ ಇಷ್ಟು ಅಂತ ಒಂದು ರೇಟು, ಎರಡು ಹೆಕ್ಟೇರ್ ತನಕ, ಅಷ್ಟೇ. ಅದ್ರ ಹೆಸ್ರೇ ಇನ್‌ಪುಟ್ ಸಬ್ಸಿಡಿ, ಅಂದ್ರೆ ಮುಂದಿನ ಬಿತ್ತನೆಗೆ ಒಂದು ಕೈ. 2022ರಿಂದ 2026ರ ತನಕದ ಕೇಂದ್ರದ ರೇಟು ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಕಾಫಿ ಅಡಿಕೆ ಥರ ಬಹುವಾರ್ಷಿಕಕ್ಕೆ 22,500, ಹೂಳು ತೆಗೆಯೋಕೆ 18,000. ರಾಜ್ಯದವ್ರು ಕೆಲವು ವರ್ಷ ಮೇಲೆ ಸೇರಿಸ್ತಾರೆ, 2025ರಲ್ಲಿ ಹೆಕ್ಟೇರಿಗೆ 8,500 ಜಾಸ್ತಿ ಕೊಟ್ರು. ನಿಮ್ಮ ಎರಡು ಎಕರೆ ಅಂದ್ರೆ 0.8 ಹೆಕ್ಟೇರ್. ಮಳೆಯಾಶ್ರಿತ ಅಂತಿದ್ರೆ ಆ ಕೇಂದ್ರದ ರೇಟಲ್ಲಿ 6,800 ರೂಪಾಯಿ. ಅದನ್ನ ನಂಬ್ಕೊಂಡು ಅಂಗಡಿ ಬಾಗಿಲು ಹಾಕಿ ಕೂರ್ತೀರಾ?

ಅಂಗಡಿ ವಿಷ್ಯ ಇನ್ನೂ ಕಷ್ಟ. ಈ ನಾರ್ಮ್ಸಲ್ಲಿ ಅಂಗಡಿ ಸಾಮಾನಿಗೆ ಅಂತ ಹೆಡ್ಡೇ ಇಲ್ಲ. ಮನೆಗೆ ನೀರು ನುಗ್ಗಿದ್ರೆ 2019ರಲ್ಲಿ 10,000 ಕೊಟ್ರು, ಗಿರಣಿಗೆ ನುಗ್ಗಿದ್ದಕ್ಕೆ ಬಿಡಿಗಾಸಿಲ್ಲ. ಮಗ್ಗ ಕರಕುಶಲದವ್ರಿಗೆ ಸಲಕರಣೆಗೆ ಕಚ್ಚಾ ಸಾಮಾನಿಗೆ ಅಂತ ಸ್ವಲ್ಪ ಇದೆ, ದಿನಸಿ ಅಂಗಡಿಗೆ, ಗಿರಣಿಗೆ, ಗ್ಯಾರೇಜಿಗೆ ಇಲ್ಲ. ಇದು ನಂಗೆ ಈಗ್ಲೂ ಹೊಟ್ಟೆ ಉರಿಯೋ ವಿಷ್ಯ. ಹಳ್ಳಿ ಪೇಟೇಲಿ ಅಂಗಡಿ ಇಟ್ಟಿರೋರು ಬೇರೆ ಯಾರೂ ಅಲ್ಲ, ಎರಡು ಎಕರೇಲಿ ಸಂಸಾರ ಸಾಗಲ್ಲ ಅಂತ ಇಟ್ಟಿರೋ ರೈತರೇ. ಅವ್ರ ಅಂಗಡಿಗೂ ಒಂದು ಹೆಡ್ಡು ಬೇಕೇ ಬೇಕು, ನಾನು ಸಿಕ್ಕಿದ ಕಡೆಯೆಲ್ಲ ಹೇಳ್ತಾನೇ ಬಂದಿದೀನಿ.

ಹಂಗಾದ್ರೆ ಗಿರಣಿ ಹೆಂಗೆ ಎದ್ದಿತು ಅಂದ್ರೆ, ಬ್ಯಾಂಕಿಂದ. ಅದಕ್ಕೇ ಹೇಳೋದು, ತಾಲೂಕಾಫೀಸಿಗೆ ಅರ್ಜಿ ಕೊಟ್ಟ ದಿನವೇ ಬ್ಯಾಂಕಿಗೂ ಹೋಗಿ. ಗಿರಣಿ ಮೇಲೆ ಮುದ್ರಾ ಸಾಲ ಇತ್ತು, ಮ್ಯಾನೇಜರ್ ಫೈಲ್ ತೆಗೆದು ನೋಡಿದ್ರೆ ಮಷೀನಿಗೆ ಇನ್ಶೂರೆನ್ಸ್ ಇತ್ತು! ಪ್ರತಿ ವರ್ಷ ನನ್ನ ಅಕೌಂಟಿಂದಲೇ ಪ್ರೀಮಿಯಂ ಕಟ್ಟಾಗ್ತಿತ್ತು, ಪಾಲಿಸಿ ಪೇಪರ್ ನಾನು ಕಣ್ಣಲ್ಲಿ ಕಂಡಿರ್ಲಿಲ್ಲ. ಕರೆಂಟ್ ಇಲ್ದೆ ಗಿರಣಿ ಬಾಗಿಲು ತೆಗೆಯೋಕೇ ಹೋಗಿರ್ಲಿಲ್ಲ, ಅದೇ ಒಳ್ಳೇದಾಯ್ತು, ಇನ್ಶೂರೆನ್ಸ್ ಸರ್ವೇಯರ್ ಬಂದಾಗ ಗೋಡೆ ಮೇಲೆ ಕೆಸರಿನ ಗೆರೆ ಹಂಗೇ ಇತ್ತು, ಮೋಟಾರ್ ನೇಮ್‌ಪ್ಲೇಟಿಗಿಂತ ಮೇಲಕ್ಕೆ. ರಿವೈಂಡಿಂಗ್ ಅಂಗಡೀಲಿ ಅವ್ರ ಎದುರಿಗೇ ಕವರ್ ಬಿಚ್ಚಿಸಿದ್ವಿ, ತಾಮ್ರದ ತಂತಿ ಸಂದಿಗೆಲ್ಲ ಮೈದಾ ಹಿಟ್ಟಿನಷ್ಟು ನುಣ್ಣಗೆ ಕೆಸರು, ಬೇರಿಂಗ್ ತಿರುಗ್ಲೇ ಇಲ್ಲ. ಸವಕಳಿ ಅಂತ ಸ್ವಲ್ಪ ಕಳೆದು ಮಿಕ್ಕಿದ್ದು ಕೊಟ್ರು. ಗದ್ದೇಲಿ ಗುರುತು ಅಳಿಸಿ ಕಳ್ಕೊಂಡಿದ್ದಕ್ಕೂ ಗಿರಣೀಲಿ ಗುರುತು ಉಳಿದು ಸಿಕ್ಕಿದ್ದಕ್ಕೂ ಇರೋ ವ್ಯತ್ಯಾಸ ನೀವೇ ನೋಡಿ. ನಿಮ್ಮ ಅಂಗಡೀಲೂ ಒದ್ದೆ ಮೂಟೆ ಹೊರಗೆ ಎಸೆಯೋ ಮೊದ್ಲು ಎಣಿಸಿ, ಫೋಟೋ ತೆಗ್ದು, ಹೋಲ್‌ಸೇಲ್‌ನವ್ರ ಹತ್ರ ಹಳೇ ಬಿಲ್ಲು ಮತ್ತೆ ಪ್ರಿಂಟ್ ಹಾಕಿಸ್ಕೊಳ್ಳಿ.

ಇನ್ನು ಕಂತು. ಪ್ರಕೃತಿ ವಿಕೋಪ ಆದ ಕಡೆ ಸಾಲ ಮುಂದೂಡೋಕೆ ಆರ್‌ಬಿಐ ನಿಯಮ ಇದೆ, ನಾನು ಮಾಡಿಸಿದ್ದು 2018ರ ಮಾಸ್ಟರ್ ಡೈರೆಕ್ಷನ್ ಪ್ರಕಾರ. ಆಗ ಬೆಳೆ ನಷ್ಟ 33ರಿಂದ 50 ಪರ್ಸೆಂಟ್ ಇದ್ರೆ ಎರಡು ವರ್ಷದ ತನಕ, 50ಕ್ಕಿಂತ ಜಾಸ್ತಿ ಇದ್ರೆ ಐದು ವರ್ಷದ ತನಕ ಮುಂದೂಡ್ತಿದ್ರು, ಮೊದಲ ಒಂದು ವರ್ಷ ಕಂತು ಕಟ್ಟಬೇಕಾಗಿರ್ಲಿಲ್ಲ. ಆದ್ರೆ ನೆರೆ ಬರೋಕ್ ಮುಂಚೆನೇ ಓವರ್‌ಡ್ಯೂ (ಕಂತು ಬಾಕಿ) ಆಗಿದ್ದ ಸಾಲಕ್ಕೆ ಇದು ಸಿಗ್ತಿರ್ಲಿಲ್ಲ, ಮತ್ತೆ ಇದು ಬಡ್ಡಿ ಮನ್ನಾ ಅಲ್ಲ. ಕೇಳದೆ ಇದ್ರೆ ಯಾರೂ ಮನೆಗೆ ಬಂದು ಹೇಳಲ್ಲ, ಬರವಣಿಗೇಲಿ ಕೊಡಿ. ಕಂತು ನಿಂತಿದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ಪರಿಹಾರ ಆಗಿದ್ದು. ಸೊಸೈಟಿ ಬಡ್ಡಿ ಇಲ್ಲದ ಬೆಳೆ ಸಾಲ ಇದ್ರೆ ಅಲ್ಲೂ ಗಡುವು ಮೀರೋ ಮೊದ್ಲೇ ಮಾತಾಡಿ, ಗಡುವು ದಾಟಿದ್ರೆ ಬಡ್ಡಿ ಬೀಳುತ್ತೆ. ಕೈಸಾಲ, ಮೀಟರ್ ಬಡ್ಡಿ ಕಡೆ ಮಾತ್ರ ತಲೆ ಹಾಕ್ಬೇಡಿ, ಸಾಲ ಮಾಡೋದಾ ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಉತ್ತರ ಇಷ್ಟೇ.

ಪರಿಹಾರದ ದುಡ್ಡು ಎಷ್ಟೇ ಆಗ್ಲಿ ಬಿಡ್ಬೇಡಿ, ಪಹಣಿ ಈಗ್ಲೇ ತೆಗ್ಸಿ ನೋಡಿ. ತೀರಿಹೋದ ಅಜ್ಜನ ಹೆಸ್ರಲ್ಲೇ ಇದ್ರೆ ಪೌತಿ ಖಾತೆಗೆ, ಅಂದ್ರೆ ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ಹಾಕಿ. ದುಡ್ಡು ಬರೋದು ಆಧಾರ್ ಲಿಂಕ್ ಆಗಿರೋ ಅಕೌಂಟಿಗೆ, ನೀವು ದಿನಾ ವ್ಯವಹಾರ ಮಾಡೋ ಅಕೌಂಟಿಗೇ ಅಂತಿಲ್ಲ, ಯಾವ್ದು ಮ್ಯಾಪ್ ಆಗಿದೆ ಅಂತ ಬ್ಯಾಂಕಲ್ಲಿ ಕೇಳಿ. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ ಎಲ್ಲಾ ಸರ್ವೆ ನಂಬರೂ ಸೇರಿಸಿ. ಅಡಿಕೆ ಮೆಣಸು ಇದ್ರೆ ಹವಾಮಾನ ಆಧಾರಿತ ಬೆಳೆ ವಿಮೆ ಮುಂದಿನ ವರ್ಷದಿಂದ ಕಟ್ಟಿ, ನಮ್ಮ ಪಾಲು 5 ಪರ್ಸೆಂಟ್, ಅದು ಮಳೆ ಮಾಪನದ ಲೆಕ್ಕದ ಮೇಲೆ ಬರೋದು, ಸರ್ವೆಗೆ ಯಾರಿಗೂ ಕಾಯ್ಬೇಕಾಗಿಲ್ಲ. ಅಂಗಡಿಗೆ 2021ರ ಏಪ್ರಿಲಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಪಾಲಿಸಿ ಇದೆ, ಪ್ರವಾಹ ಅದ್ರೊಳಗೇ ಸೇರಿದೆ, ಕಂಪ್ನಿ ಯಾವ್ದಾದ್ರೂ ಪರವಾಗಿಲ್ಲ, ಅದೇ ಹೆಸರು ಹೇಳಿ ಕೇಳಿ.

ಪಹಣೀಲಿ ಗದ್ದೆ ಮಳೆಯಾಶ್ರಿತ ಅಂತಿದೆಯಾ ನೀರಾವರಿ ಅಂತಿದೆಯಾ, ಅಂಗಡಿ ಮೇಲೆ ಸಾಲ ಇದೆಯಾ, ಇಷ್ಟು ಕಾಮೆಂಟಲ್ಲಿ ಹಾಕಿ. ತಹಶೀಲ್ದಾರ್‌ಗೆ ಅರ್ಜಿ ಹೆಂಗೆ ಬರೀಬೇಕು ಅಂತ ನಾನು ಬರ್ದು ಕೊಡ್ತೀನಿ.