ನಾಲ್ವರೂ ಕ್ಲೆರಿಕ್ ಆಡ್ತೀವಿ ಅಂದ್ರೆ ಆಡಲಿ ಬಿಡಿ

ನಮಸ್ಕಾರ. ನೀವು ನಡೆಸ್ತಿರೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು, ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡೋ ಕತೆಯಾಟ) ಐದನೇ ಆವೃತ್ತಿ, ಕೈಯಲ್ಲಿರೋದು 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಆಡೋರು ನಾಲ್ಕು ಜನ, ನಾಲ್ವರಿಗೂ ಕ್ಲೆರಿಕ್ಕೇ (ದೇವರ ಶಕ್ತಿಯಿಂದ ಮಂತ್ರ ಹಾಕೋ ಪಾದ್ರಿ ಪಾತ್ರ) ಬೇಕು. ಇಬ್ಬರು ಲೈಫ್ ಡೊಮೈನ್ (ಡೊಮೈನ್ ಅಂದ್ರೆ ಕ್ಲೆರಿಕ್‌ನ ಒಳಬಗೆ) ಕೇಳ್ತಿದ್ದಾರೆ, ಒಬ್ಬರು ವಾರ್, ಇನ್ನೊಬ್ಬರು ಯೋಚನೆಯಲ್ಲೇ ಇದ್ದಾರೆ. ಡಿಎಂ (ಆಟ ನಡೆಸೋರು) ಆಗಿ ಒಬ್ಬರನ್ನಾದ್ರೂ ರೋಗ್ (ಕಳ್ಳನ ಪಾತ್ರ) ಅಥವಾ ವಿಝರ್ಡ್‌ಗೆ (ಮಂತ್ರವಾದಿ) ಒಪ್ಪಿಸಬೇಕಾ ಅಂತ ನೀವು ಪೋಸ್ಟಲ್ಲಿ ಕೇಳಿದ್ದೀರಿ.

ಒಪ್ಪಿಸಬೇಡಿ. ಮನಸ್ಸಿಲ್ಲದ ಕ್ಲಾಸನ್ನ (ಪಾತ್ರದ ಬಗೆ) ಬಲವಂತಕ್ಕೆ ತಗೊಂಡವರು ಕೆಲವೇ ವಾರಕ್ಕೆ ಟೇಬಲ್ ಬಿಟ್ಟು ಫೋನ್ ನೋಡ್ತಾ ಕೂರ್ತಾರೆ. ಒಂದೇ ಕ್ಲಾಸಿನ ಪಾರ್ಟಿ ಕಟ್ಟೋದಾದ್ರೆ ಕ್ಲೆರಿಕ್‌ನಷ್ಟು ಚೆನ್ನಾಗಿ ಹೊಂದೋದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಬಾರ್ಡ್, ಡ್ರೂಯಿಡ್ ಕೂಡ ನಡೆಯುತ್ತೆ. ನಾಲ್ಕು ವಿಝರ್ಡ್ ಆದ್ರೆ ಮೊದಲೆರಡು ಲೆವೆಲ್ ಬದುಕಿ ದಾಟೋದೇ ಕಷ್ಟ, ನಾಲ್ಕು ಬಾರ್ಬೇರಿಯನ್ ಆದ್ರೆ ಗಾಯ ವಾಸಿ ಮಾಡೋ ಪೋಷನ್‌ಗೇ ದುಡ್ಡೆಲ್ಲ ಹೋಗುತ್ತೆ. ಕ್ಲೆರಿಕ್‌ಗೆ ಈ ಎರಡೂ ತೊಂದರೆ ಇಲ್ಲ. ಒಂದೇ ಷರತ್ತು: ನಾಲ್ವರೂ ಅವರವರ ಮನೇಲಿ ಕೂತು ಪಾತ್ರದ ಶೀಟ್ ತುಂಬಿಕೊಂಡು ಬರಬಾರದು. ಒಂದೇ ಟೇಬಲ್ಲಿಗೆ ಕೂತು, ಒಬ್ಬರದ್ದು ಒಬ್ಬರು ನೋಡಿ ತುಂಬಬೇಕು.

ಮೊದಲು "ನಾಲ್ಕು ಹೀಲರ್ ಇದ್ರೆ ಯಾರೂ ಸಾಯೋದೇ ಇಲ್ಲ, ಆಟದಲ್ಲಿ ಮಜಾ ಇರಲ್ಲ" ಅನ್ನೋ ಕಾಮೆಂಟಿಗೆ ಬರ್ತೀನಿ. ಐದನೇ ಆವೃತ್ತಿಯಲ್ಲಿ ಯುದ್ಧದ ಮಧ್ಯೆ ಮಾಡೋ ಹೀಲಿಂಗ್ ಸಾಮಾನ್ಯವಾಗಿ ಪೆಟ್ಟಿನ ವೇಗಕ್ಕೆ ಸಾಟಿ ಆಗಲ್ಲ. ಒಂದು ಓಗರ್ (ದೈತ್ಯ ರಾಕ್ಷಸ) ದೊಣ್ಣೆ ಬೀಸಿದ್ರೆ 2ಡಿ8+4 (ಎಂಟು ಮುಖದ ಎರಡು ಡೈಸ್, ಅದಕ್ಕೆ 4), ಅಂದ್ರೆ ಸರಾಸರಿ 13. ವಿಸ್ಡಮ್ ಅಂಕ 16 ಇರೋ ಕ್ಲೆರಿಕ್ ಮೊದಲ ಹಂತದ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಇರೋ ಸ್ಪೆಲ್, ಅಂದ್ರೆ ಮಂತ್ರದ ಪಾಲು) ಖರ್ಚು ಮಾಡಿ ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಹಾಕಿದ್ರೆ 1ಡಿ8+3, ಸರಾಸರಿ ಏಳೂವರೆ. ಲೈಫ್ ಡೊಮೈನ್‌ನವರು ಅದಕ್ಕೆ ಇನ್ನೊಂದು 3 ಸೇರಿಸ್ತಾರೆ, ಆಗಲೂ 13 ಮುಟ್ಟಲ್ಲ. ಪೂರ್ತಿ ಆಕ್ಷನ್ ಹೀಲಿಂಗಿಗೇ ಕೊಟ್ಟರೆ ಓಗರ್ ಹಾಗೇ ನಿಂತಿರುತ್ತೆ, ಸ್ಲಾಟ್ ಮಾತ್ರ ಖಾಲಿ. ನೆಲಕ್ಕೆ ಬಿದ್ದವರನ್ನ ಎಬ್ಬಿಸೋಕೆ ಹೀಲಿಂಗ್ ವರ್ಡ್ ಸಾಕು: ಬೋನಸ್ ಆಕ್ಷನ್ (ಸರದಿಯಲ್ಲಿ ಆಕ್ಷನ್ ಜೊತೆಗೇ ಮಾಡಬಹುದಾದ ಚಿಕ್ಕ ಕೆಲಸ), 60 ಅಡಿ ದೂರದಿಂದ ಆಗುತ್ತೆ, ಬಾಯಲ್ಲಿ ಹೇಳಿದ್ರೆ ಮುಗೀತು. ಇದನ್ನ ನಾಲ್ವರೂ ಇಟ್ಟುಕೊಳ್ಳಲಿ. ಕ್ಯೂರ್ ವೂಂಡ್ಸ್‌ಗೆ ಒಂದು ಕೈ ಖಾಲಿ ಇರಬೇಕು ಅನ್ನೋದನ್ನ ಗುರಾಣಿ, ಗದೆ ಎರಡೂ ಹಿಡಿದವರು ಬಹಳ ಸಲ ಮರೀತಾರೆ. ಹಾಗಾಗಿ ಎರಡನೇ ಲೈಫ್ ಕ್ಲೆರಿಕ್ ಬೇಕಾಗಿಲ್ಲ. ಆ ಇಬ್ಬರಲ್ಲಿ ಒಬ್ಬರನ್ನ ಟ್ರಿಕರಿಗೆ ಕೇಳಿ ನೋಡಿ, ಯೋಚನೆಯಲ್ಲಿರೋರಿಗೆ ಲೈಟ್ ಡೊಮೈನ್ ತೋರಿಸಿ. ಲೈಫ್, ವಾರ್, ಲೈಟ್, ಟ್ರಿಕರಿ. 2024ರ ಹೊಸ ಪುಸ್ತಕದಲ್ಲಿ ಇರೋದೂ ಇದೇ ನಾಲ್ಕು ಡೊಮೈನ್, ಮುಂದೆ ಅದಕ್ಕೆ ದಾಟೋದಾದ್ರೂ ಅನುಕೂಲ.

ಈಗ ನಿಜವಾದ ತೊಡಕು. ಕಾಮೆಂಟಲ್ಲಿ ಯಾರೂ ಇದನ್ನ ಎತ್ತಿಲ್ಲ. ಒಂದೇ ಹೆಸರಿನ ಸ್ಪೆಲ್ ಎರಡು ಸಲ ಒಬ್ಬರ ಮೇಲೇ ಬಿದ್ದು, ಅವಧಿಯೂ ಒಂದರ ಮೇಲೊಂದು ಬಂದ್ರೆ, ಪರಿಣಾಮ ಕೂಡೋದಿಲ್ಲ. ಯಾವುದು ಹೆಚ್ಚು ಬಲವಾಗಿದೆಯೋ ಅದೊಂದೇ ಲೆಕ್ಕಕ್ಕೆ. ಇಬ್ಬರು ಬ್ಲೆಸ್ (ಏಟಿಗೂ, ಅಪಾಯ ತಪ್ಪಿಸಿಕೊಳ್ಳೋ ಸೇವ್ ಡೈಸ್‌ಗೂ ಡಿ4 ಸೇರಿಸೋ ಸ್ಪೆಲ್) ಹಾಕಿದ್ರೆ ಎರಡು ಡಿ4 ಸಿಗಲ್ಲ. ಇಬ್ಬರು ಗೈಡನ್ಸ್ ಕೊಟ್ಟರೂ ಒಂದೇ ಡಿ4. ಬೇರೆ ಬೇರೆ ಕ್ಲಾಸಿನ ಪಾರ್ಟಿಯಲ್ಲಿ ಈ ನಿಯಮ ಅಪರೂಪಕ್ಕೆ ಎದುರಾಗುತ್ತೆ, ನಾಲ್ಕು ಕ್ಲೆರಿಕ್ ಇದ್ದಾಗ ಪ್ರತಿ ಯುದ್ಧದಲ್ಲೂ ಅಡ್ಡ ಬರುತ್ತೆ. ಐದನೇ ಲೆವೆಲ್‌ಗೆ ಸ್ಪಿರಿಟ್ ಗಾರ್ಡಿಯನ್ಸ್ ಸಿಕ್ಕಾಗಂತೂ ಎಲ್ಲರ ಕೈಯೂ ಅದಕ್ಕೇ ಹೋಗುತ್ತೆ. ಸುತ್ತ 15 ಅಡಿ, 3ಡಿ8 ಪೆಟ್ಟು, ಶತ್ರುವಿನ ನಡಿಗೆ ಅರ್ಧಕ್ಕೆ ಇಳಿಯುತ್ತೆ. ಕಿರಿದಾದ ಓಣಿಯಲ್ಲಿ ನಾಲ್ವರೂ ಒಟ್ಟಿಗೆ ನಿಂತು ಅದನ್ನೇ ಹಾಕಿದ್ರೆ ಮುಂದಿರೋ ಓಗರ್‌ಗೆ ಒಂದರದ್ದೇ ಪೆಟ್ಟು, ಉಳಿದ ಮೂವರ ಮೂರನೇ ಹಂತದ ಸ್ಲಾಟ್ ನೀರಲ್ಲಿ ಹೋಮ. ಅಂಗಳದ ನಾಲ್ಕು ಮೂಲೆಯಲ್ಲಿ ಬೇರೆ ಬೇರೆ ಗುಂಪಿಗೆ ಅಡ್ಡ ನಿಂತರೆ ಮಾತ್ರ ನಾಲ್ಕೂ ಸಾರ್ಥಕ.

ಜೊತೆಗೆ ಕಾನ್ಸಂಟ್ರೇಶನ್, ಅಂದ್ರೆ ಕೆಲವು ಸ್ಪೆಲ್ ನಡೀತಾ ಇರೋಕೆ ಬೇಕಾದ ಏಕಾಗ್ರತೆ. ಒಬ್ಬೊಬ್ಬರಿಗೆ ಒಂದೇ. ಹಾಗಾಗಿ ಪಾರ್ಟಿ ಹತ್ರ ಇರೋದು ನಾಲ್ಕು ಕಾನ್ಸಂಟ್ರೇಶನ್, ಅದರಲ್ಲಿ ನಾಲ್ಕು ಬೇರೆ ಬೇರೆ ಸ್ಪೆಲ್ ಕೂರಬೇಕು. ನಾನು ಹೇಳಿದ ನಾಲ್ಕು ಡೊಮೈನ್‌ಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಡೊಮೈನ್ ಪಟ್ಟಿಯ ಸ್ಪೆಲ್ ಯಾವಾಗಲೂ ಸಿದ್ಧ ಇರುತ್ತೆ, ದಿನಕ್ಕೆ ಇಷ್ಟು ಅಂತ ಸಿದ್ಧ ಮಾಡಿಕೊಳ್ಳೋ ಸ್ಪೆಲ್‌ಗಳ ಲೆಕ್ಕಕ್ಕೆ ಸೇರಲ್ಲ. ಬ್ಲೆಸ್ ಮತ್ತು ರಿವಿವಿಫೈ ಲೈಫ್ ಪಟ್ಟಿಯಲ್ಲಿವೆ, ಸ್ಪಿರಿಟ್ ಗಾರ್ಡಿಯನ್ಸ್ ವಾರ್ ಪಟ್ಟಿಯಲ್ಲಿದೆ, ಫೈರ್‌ಬಾಲ್ ಲೈಟ್ ಪಟ್ಟಿಯಲ್ಲಿ, ಪಾಸ್ ವಿದೌಟ್ ಟ್ರೇಸ್ ಮತ್ತು ಡಿಸ್ಪೆಲ್ ಮ್ಯಾಜಿಕ್ ಟ್ರಿಕರಿ ಪಟ್ಟಿಯಲ್ಲಿ. ಯಾವ ಸ್ಪೆಲ್ ಯಾರ ಪಟ್ಟಿಯಲ್ಲಿದೆಯೋ ಅದು ಅವರ ಕೆಲಸ ಅಂತ ಮೊದಲೇ ಮಾತಾಡಿಕೊಂಡ್ರೆ ಉಳಿದವರ ಜಾಗ ಖಾಲಿ ಆಗುತ್ತೆ. ರಿವಿವಿಫೈ ಒಂದನ್ನ ಮಾತ್ರ ಇನ್ನೊಬ್ಬರೂ ಸಿದ್ಧ ಮಾಡಿಕೊಳ್ಳಲಿ, ಸತ್ತವರು ಲೈಫ್ ಕ್ಲೆರಿಕ್ಕೇ ಆದ್ರೆ ಯಾರು ಎಬ್ಬಿಸೋದು? 300 ಗೋಲ್ಡ್ ಬೆಲೆಯ ವಜ್ರ ಅದಕ್ಕೆ ಖರ್ಚಾಗುತ್ತೆ, ಅದನ್ನೂ ಇಬ್ಬರ ಚೀಲದಲ್ಲಿ ಒಂದೊಂದು ಇಡಿ.

ಐದನೇ ಲೆವೆಲ್‌ನಲ್ಲಿ ಇದು ಹೇಗೆ ಕೂಡಿ ಬರುತ್ತೆ ನೋಡಿ. ಎದುರಿಗೆ ನಾಲ್ಕು ಓಗರ್, ಪುಸ್ತಕದ ಲೆಕ್ಕದಲ್ಲಿ ಇದು ಹಾರ್ಡ್. ಒಂದೊಂದಕ್ಕೂ 59 ಹಿಟ್ ಪಾಯಿಂಟ್. ಅವು ಇನ್ನೂ ದೂರದಲ್ಲಿ ಗುಂಪಾಗಿ ಇರುವಾಗಲೇ ಲೈಟ್ ಕ್ಲೆರಿಕ್ ಫೈರ್‌ಬಾಲ್ ಎಸೀತಾರೆ: 8ಡಿ6, ಸರಾಸರಿ 28. ವಿಸ್ಡಮ್ 18 ಆಗಿದ್ರೆ ಸೇವ್ ಡಿಸಿ (ಸೇವ್‌ನಲ್ಲಿ ಮುಟ್ಟಬೇಕಾದ ಅಂಕ) 15, ಓಗರ್‌ನ ಡೆಕ್ಸ್ (ಚುರುಕುತನ) ಮೈನಸ್ ಒಂದು, ಅರ್ಧ ಪೆಟ್ಟಲ್ಲಿ ಪಾರಾಗೋಕೆ ಡೈಸ್ ಮೇಲೆ 16 ಬೀಳಬೇಕು. ಟ್ರಿಕರಿ ಕ್ಲೆರಿಕ್ ಮೂರು ಓಗರ್ ಮೇಲೆ ಬೇನ್ ಹಾಕ್ತಾರೆ. ಕರಿಸ್ಮಾ ಸೇವ್ ತಪ್ಪಿದವಕ್ಕೆ ಏಟಿನಲ್ಲೂ ಸೇವ್‌ನಲ್ಲೂ ಡಿ4 ಕಡಿಮೆ. ಲೈಫ್ ಕ್ಲೆರಿಕ್ ಹಿಂದೆ ನಿಂತು ಉಳಿದ ಮೂವರಿಗೆ ಬ್ಲೆಸ್ ಹಾಕ್ತಾರೆ. ವಾರ್ ಕ್ಲೆರಿಕ್ ಸ್ಪಿರಿಟ್ ಗಾರ್ಡಿಯನ್ಸ್ ಹಾಕಿ ಮುಂದಕ್ಕೆ ಹೋಗ್ತಾರೆ. ಇಲ್ಲಿ ಬ್ಲೆಸ್‌ನ ನಿಜವಾದ ಬೆಲೆ ಗೊತ್ತಾಗೋದು: ಪೆಟ್ಟು ತಿಂದಾಗ ಕಾನ್ಸಂಟ್ರೇಶನ್ ಉಳಿಸಿಕೊಳ್ಳೋ ಕಾನ್ಸ್ಟಿಟ್ಯೂಶನ್ ಸೇವ್‌ಗೂ ಆ ಡಿ4 ಸೇರುತ್ತೆ. ಒಬ್ಬರ ಸ್ಪೆಲ್ ಇನ್ನೊಬ್ಬರ ಸ್ಪೆಲ್ಲನ್ನ ಕಾಯುತ್ತೆ. ಎರಡನೇ ಸುತ್ತಿಂದ ಸ್ಪಿರಿಚುವಲ್ ವೆಪನ್ (ಗಾಳಿಯಲ್ಲಿ ತೇಲಿ ಹೊಡೆಯೋ ಮಂತ್ರದ ಆಯುಧ). ಅದಕ್ಕೆ 2014ರ ನಿಯಮದಲ್ಲಿ ಕಾನ್ಸಂಟ್ರೇಶನ್ ಬೇಡ, ಪ್ರತಿಯೊಂದೂ ಬೇರೆ ಆಯುಧ, ಹಾಗಾಗಿ ನಾಲ್ವರೂ ಹಾಕಬಹುದು, ನಾಲ್ಕೂ ಹೊಡೀತವೆ. ಬೋನಸ್ ಆಕ್ಷನ್‌ನಲ್ಲಿ ಸ್ಪೆಲ್ ಹಾಕಿದ ಸರದಿಯಲ್ಲಿ ಆಕ್ಷನ್‌ಗೆ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಸ್ಪೆಲ್) ಮಾತ್ರ ಅನ್ನೋದು ನೆನಪಿರಲಿ. ಮುಂದಿನ ಸರದಿಗಳಲ್ಲಿ ಆಯುಧ ಬೀಸೋದು ಸ್ಪೆಲ್ ಹಾಕಿದ ಲೆಕ್ಕವಲ್ಲ, ಆಗ ಆ ಕಟ್ಟು ಇಲ್ಲ. 2024ರ ಪುಸ್ತಕದಲ್ಲಿ ಸ್ಪಿರಿಚುವಲ್ ವೆಪನ್‌ಗೂ ಕಾನ್ಸಂಟ್ರೇಶನ್ ಬೇಕು, ಅಲ್ಲಿಗೆ ದಾಟಿದ್ರೆ ಈ ಲೆಕ್ಕ ಬದಲಾಗುತ್ತೆ.

ಐದನೇ ಲೆವೆಲ್ ಮುಟ್ಟೋವರೆಗೆ, ಅಂದ್ರೆ ಮೊದಲ ಲೆವೆಲ್‌ಗಳಲ್ಲಿ, ನಾಲ್ವರೂ ಒಂದೇ ಕ್ಲಾಸ್ ಆಗಿರೋದರಿಂದಲೇ ಸಿಗೋ ಲಾಭ ಗೈಡಿಂಗ್ ಬೋಲ್ಟ್. ನನಗಂತೂ ಇದು ತುಂಬಾ ಇಷ್ಟ. 120 ಅಡಿ, 4ಡಿ6, ತಗುಲಿದ್ರೆ ಅದೇ ಗುರಿಯ ಮೇಲೆ ಮುಂದಿನ ಏಟಿಗೆ ಅಡ್ವಾಂಟೇಜ್ (ಎರಡು ಡೈಸ್ ಉರುಳಿಸಿ ದೊಡ್ಡದನ್ನ ತಗೊಳ್ಳೋದು). ಮೊದಲನೆಯವರದ್ದು ತಗುಲಿತು ಅಂದ್ರೆ ಎರಡನೆಯವರಿಗೆ ಎರಡು ಡೈಸ್, ಅವರದ್ದೂ ತಗುಲಿದ್ರೆ ಮೂರನೆಯವರಿಗೆ. ಹೀಗೆ ಸರಪಳಿ ಹಾಗೆ ಸಾಗುತ್ತೆ. ಒಂದು ಬಗ್‌ಬೇರ್‌ಗೆ ಇರೋದು 27 ಹಿಟ್ ಪಾಯಿಂಟ್, ಎರಡು ಬೋಲ್ಟ್ ಸರಿಯಾಗಿ ತಗುಲಿದ್ರೆ ಸರಾಸರಿ 28. ಆಮೇಲೆ ಮೊದಲ ಲೆವೆಲ್‌ನಲ್ಲೇ ವಾರ್ ಮತ್ತು ಲೈಫ್ ಇಬ್ಬರಿಗೂ ಚೈನ್ ಮೇಲ್ ಮತ್ತು ಗುರಾಣಿ ಸೇರಿ ಆರ್ಮರ್ ಕ್ಲಾಸ್ (ಏಟು ತಗುಲೋಕೆ ಶತ್ರು ಮುಟ್ಟಬೇಕಾದ ಅಂಕ) 18. ಉಳಿದ ಇಬ್ಬರು ಡೆಕ್ಸ್ 14 ಇಟ್ಟು ಸ್ಕೇಲ್ ಮೇಲ್ ಹಾಕಿದ್ರೆ ಅವರಿಗೂ 18. ನಾಲ್ವರ ಒಟ್ಟು ಸ್ಲಾಟ್ ಎಂಟು. ಮೊದಲ ಲೆವೆಲ್‌ನಲ್ಲಿ ಇಷ್ಟು ಗಟ್ಟಿ ಪಾರ್ಟಿ ಸಿಗೋದು ಕಷ್ಟ.

"ರೋಗ್ ಇಲ್ಲದೆ ಬೀಗ ಯಾರು ತೆಗೀತಾರೆ" ಅಂದವರಿಗೆ: ಬ್ಯಾಕ್‌ಗ್ರೌಂಡ್ (ಪಾತ್ರದ ಹಿಂದಿನ ಬದುಕು) ನೋಡಿ. ಕ್ರಿಮಿನಲ್ ಅಥವಾ ಅರ್ಚಿನ್ ತಗೊಂಡ್ರೆ ಥೀವ್ಸ್ ಟೂಲ್ಸ್ ಬಳಸೋ ಪರಿಣತಿ ಬರುತ್ತೆ, ಜೊತೆಗೆ ಸ್ಟೆಲ್ತ್ (ಸದ್ದಿಲ್ಲದೆ ಅಡಗಿ ನಡೆಯೋದು) ಕೂಡ. ಟ್ರಿಕರಿ ಕ್ಲೆರಿಕ್‌ಗೆ ಇದು ಸರಿ. ಅವರು ಮಾತ್ರ ಸ್ಕೇಲ್ ಮೇಲ್ ಬಿಟ್ಟು ಚೈನ್ ಶರ್ಟ್ ಹಾಕಲಿ, ಆರ್ಮರ್ ಕ್ಲಾಸ್ ಒಂದು ಕಡಿಮೆ ಆದ್ರೂ ಸ್ಟೆಲ್ತ್‌ಗೆ ಡಿಸ್ಅಡ್ವಾಂಟೇಜ್ ಇಲ್ಲ. ಸ್ಟೆಲ್ತ್‌ಗೆ ಅಡ್ವಾಂಟೇಜ್ ಕೊಡೋ ಅವರ ಬ್ಲೆಸಿಂಗ್ ಆಫ್ ದ ಟ್ರಿಕ್‌ಸ್ಟರ್ ಬೇರೆಯವರಿಗೆ ಕೊಡೋಕೆ ಮಾತ್ರ, ತಮಗೇ ಹಾಕಿಕೊಳ್ಳೋ ಹಾಗಿಲ್ಲ. ಮೂರನೇ ಲೆವೆಲ್‌ಗೆ ಪಾಸ್ ವಿದೌಟ್ ಟ್ರೇಸ್ ಸಿಕ್ಕಿದ ಮೇಲೆ ಎಲ್ಲರ ಸ್ಟೆಲ್ತ್‌ಗೂ 10 ಸೇರುತ್ತೆ. ಚೈನ್ ಮೇಲ್‌ನವರು ಎರಡು ಡೈಸ್‌ನಲ್ಲಿ ಚಿಕ್ಕದನ್ನ ತಗೊಂಡ್ರೂ ಕಾವಲುಗಾರರ ಪಕ್ಕದಲ್ಲೇ ದಾಟಿ ಹೋಗ್ತಾರೆ. ಗುಂಪಿನ ಚೆಕ್‌ನಲ್ಲಿ ಅರ್ಧ ಜನ ಗೆದ್ದರೆ ಸಾಕು ಅನ್ನೋ ನಿಯಮವನ್ನೂ ಬಳಸಿ.

ಸ್ಕಿಲ್‌ನಲ್ಲಿ ಒಂದು ಎಚ್ಚರ. ಎಲ್ಲರಿಗೂ ವಿಸ್ಡಮ್ ಜಾಸ್ತಿ ಇದ್ರೂ ಕ್ಲೆರಿಕ್ ಸ್ಕಿಲ್ ಪಟ್ಟಿಯಲ್ಲಿ ಪರ್ಸೆಪ್ಶನ್ (ಸುತ್ತಲಿನದ್ದು ಗಮನಿಸೋದು) ಇಲ್ಲ! ಹಿಸ್ಟರಿ, ಇನ್‌ಸೈಟ್, ಮೆಡಿಸಿನ್, ಪರ್ಸುಯೇಶನ್, ರಿಲಿಜನ್ ಇಷ್ಟೇ. ಯಾರಾದ್ರೂ ಎಲ್ಫ್ ಆದ್ರೆ ಪರ್ಸೆಪ್ಶನ್ ತಾನಾಗೇ ಬರುತ್ತೆ, ಇಲ್ಲಾಂದ್ರೆ ಸೇಲರ್ ಬ್ಯಾಕ್‌ಗ್ರೌಂಡ್. ವುಡ್ ಎಲ್ಫ್ ಆದ್ರೆ ಲಾಂಗ್‌ಬೋ ಕೂಡ ಸಿಗುತ್ತೆ, ದೂರದ ಹೊಡೆತಕ್ಕೆ ಅದು ಒಳ್ಳೇದು. ಲೈಟ್ ಕ್ಲೆರಿಕ್ ಸೇಜ್ ಬ್ಯಾಕ್‌ಗ್ರೌಂಡ್ ತಗೊಂಡು ಆರ್ಕೇನಾ ನೋಡಿಕೊಳ್ಳಲಿ. ಲೈಫ್‌ನವರು ಕರಿಸ್ಮಾ ಸ್ವಲ್ಪ ಇಟ್ಟು ಪರ್ಸುಯೇಶನ್. ಎಲ್ಲರೂ ಶುರುವಿನ ಸಾಮಾನಲ್ಲಿ ಲೈಟ್ ಕ್ರಾಸ್‌ಬೋ ತಗೊಳ್ಳಲಿ, ಸೇಕ್ರೆಡ್ ಫ್ಲೇಮ್ 60 ಅಡಿ ಮೇಲೆ ಹೋಗಲ್ಲ.

ಇನ್ನು ನಿಮ್ಮ ಕಡೆಯಿಂದ, ಡಿಎಂ ಆಗಿ. ಒಂದೇ ಕ್ಲಾಸ್ ಅಂದ್ರೆ ದೌರ್ಬಲ್ಯವೂ ಒಂದೇ. ವಿಸ್ಡಮ್, ಕರಿಸ್ಮಾ ಸೇವ್‌ನಲ್ಲಿ ಇವರನ್ನ ಅಲ್ಲಾಡಿಸೋದು ಕಷ್ಟ. ಡೆಕ್ಸ್ ಸೇವ್ ಬಂದ್ರೆ ನಾಲ್ವರೂ ಒಟ್ಟಿಗೆ ಸಿಕ್ಕಿಬೀಳ್ತಾರೆ. ಕಾನ್ 14 ಇರೋ ಐದನೇ ಲೆವೆಲ್ ಕ್ಲೆರಿಕ್‌ಗೆ 38 ಹಿಟ್ ಪಾಯಿಂಟ್, ಶತ್ರುವಿನ ಒಂದು ಫೈರ್‌ಬಾಲ್ ಸರಾಸರಿ 28. ಗುಂಪಾಗಿ ನಿಂತ್ರೆ ಒಂದೇ ಏಟಿಗೆ ನಾಲ್ವರೂ ಅರೆಜೀವ ಆಗೋ ಅಪಾಯ ಇದೆ, ಹರಡಿಕೊಂಡು ನಿಲ್ಲೋದನ್ನ ಸಣ್ಣ ಯುದ್ಧದಲ್ಲೇ ಕಲಿಸಿ. ಅದಕ್ಕಿಂತ ಭಯಂಕರ ಸೈಲೆನ್ಸ್ ಅನ್ನೋ ಸ್ಪೆಲ್. 20 ಅಡಿ ತ್ರಿಜ್ಯದ ವೃತ್ತದಲ್ಲಿ ಮಾತೇ ಇಲ್ಲ, ಮಾತಿಲ್ಲದೆ ಕ್ಲೆರಿಕ್‌ನ ಸ್ಪೆಲ್ ಹೆಚ್ಚುಕಮ್ಮಿ ಯಾವುದೂ ನಡೆಯಲ್ಲ. ಶತ್ರುಪಕ್ಷದ ಪೂಜಾರಿ ಅದೊಂದನ್ನ ಹಾಕಿದ್ರೆ ನಾಲ್ವರೂ ಗದೆ ಹಿಡಿದ ಸಾಮಾನ್ಯ ಸೈನಿಕರಾಗ್ತಾರೆ. ಕತೆಯ ದೊಡ್ಡ ಖಳನಿಗೆ ಇದನ್ನ ಎತ್ತಿಡಿ. ಮೊದಲ ವಾರವೇ ಬಳಸಬೇಡಿ, ವೃತ್ತದಿಂದ ಹೊರಗೆ ಓಡೋಕೆ ಜಾಗ ಇರೋ ಕಡೆಯೇ ಬಳಸಿ.

ನಾಲ್ಕು ಕ್ಲೆರಿಕ್ ಎದುರು ಹೆಣಗಳ ಸೈನ್ಯ (ಅನ್‌ಡೆಡ್) ನಿಲ್ಲಲ್ಲ ಅಂತ ನಿಮಗೆ ಭಯ ಇದೆ ಅಂತ ಬರೆದಿದ್ದೀರಿ. ಎರಡನೇ ಲೆವೆಲ್‌ನಿಂದ ನಾಲ್ವರಿಗೂ ಟರ್ನ್ ಅನ್‌ಡೆಡ್ (ಅನ್‌ಡೆಡ್ ಓಡಿಸೋ ಶಕ್ತಿ) ಬರುತ್ತೆ. ಐದನೇ ಲೆವೆಲ್ ಆದ ಮೇಲೆ ಚಾಲೆಂಜ್ ರೇಟಿಂಗ್ (ಶತ್ರುವಿನ ಬಲದ ಅಂಕ) 1/2 ಅಥವಾ ಕಡಿಮೆ ಇರೋ ಸ್ಕೆಲಿಟನ್, ಝಾಂಬಿ, ಶ್ಯಾಡೋ ಎಲ್ಲ ಸೇವ್ ತಪ್ಪಿದ ಕೂಡಲೇ ನಾಶ. ಆದ್ರೂ ಅನ್‌ಡೆಡ್ ತೆಗೆದುಹಾಕಬೇಡಿ. ಕ್ಲೆರಿಕ್ ಆರಿಸಿಕೊಂಡವರು ಆ ಕ್ಷಣಕ್ಕಾಗಿಯೇ ಕಾದಿರ್ತಾರೆ. ಅದರ ವ್ಯಾಪ್ತಿ 30 ಅಡಿ. ಸ್ಕೆಲಿಟನ್‌ಗಳನ್ನ ಮುಂದೆ ಬಿಡಿ, ಬಿಲ್ಲು ಹಿಡಿದ ಇನ್ನೊಂದು ಗುಂಪನ್ನ ಗೋಡೆಯ ಮೇಲೆ ದೂರ ನಿಲ್ಲಿಸಿ, ಮಧ್ಯೆ ಘೌಲ್ ಇಡಿ. ಘೌಲ್‌ಗಳು ಓಡಿಹೋಗ್ತವೆ, ನಾಶ ಆಗಲ್ಲ, ಮತ್ತೆ ಬರ್ತವೆ. ಯಾರು ಯಾವಾಗ ಚಾನೆಲ್ ಡಿವಿನಿಟಿ (ಟರ್ನ್ ಅನ್‌ಡೆಡ್‌ಗೆ ಬೇಕಾದ ಶಕ್ತಿ) ಖರ್ಚು ಮಾಡೋದು ಅನ್ನೋ ಚರ್ಚೆ ಟೇಬಲ್ಲಿನಲ್ಲಿ ಬಿಸಿ ಏರುತ್ತೆ.

ಈ ಕ್ಲಾಸಿನ ಮೂಲವೂ ಅನ್‌ಡೆಡ್ ಎದುರಿಸೋದರಲ್ಲೇ ಇದೆ. 1974ರಲ್ಲಿ ಆಟ ಮೊದಲು ಅಚ್ಚಾಗೋಕೂ ಮುಂಚೆ, ಆಟದ ಇಬ್ಬರು ಸೃಷ್ಟಿಕರ್ತರಲ್ಲಿ ಒಬ್ಬರಾದ ಡೇವ್ ಆರ್ನೆಸನ್ ಅಮೆರಿಕದ ಮಿನೆಸೋಟದಲ್ಲಿ ನಡೆಸ್ತಿದ್ದ ಆಟದಲ್ಲಿ, ವ್ಯಾಂಪೈರ್ ಆಗಿ ಆಡ್ತಿದ್ದ ಒಂದು ಪಾತ್ರವನ್ನ ಎದುರಿಸೋಕೆ ಹುಟ್ಟಿದ್ದು ಈ ಪಾದ್ರಿ ಪಾತ್ರ. ಆ ಮೊದಲ ಪುಸ್ತಕದಲ್ಲಿ ಒಂದನೇ ಲೆವೆಲ್ ಕ್ಲೆರಿಕ್‌ಗೆ ಒಂದು ಸ್ಪೆಲ್ಲೂ ಇರಲಿಲ್ಲ. ಅನ್‌ಡೆಡ್ ಓಡಿಸೋ ಶಕ್ತಿ ಮಾತ್ರ ಆಗಲೇ ಇತ್ತು.

ಕತೆಗೆ ನಾಲ್ವರೂ ಒಂದೇ ದೇವರ ಭಕ್ತರಾಗಬೇಕಿಲ್ಲ. ಫರ್ಗಾಟನ್ ರೆಲ್ಮ್ಸ್ (ಆಟದ ಒಂದು ಸಿದ್ಧ ಕಲ್ಪನಾ ಲೋಕ) ತಗೊಂಡ್ರೆ ಅಲ್ಲಿನ ದೇವರುಗಳಲ್ಲಿ ಇಲ್ಮೇಟರ್‌ದು ಲೈಫ್, ಟೆಂಪಸ್‌ದು ವಾರ್, ಲಥಾಂಡರ್‌ದು ಲೈಟ್, ಟೈಮೋರಾದು ಟ್ರಿಕರಿ. ಒಂದು ಬಂದರು ಪಟ್ಟಣದಲ್ಲಿ ನಾಲ್ಕು ಗುಡಿ, ನಾಲ್ಕರಿಂದಲೂ ಒಬ್ಬೊಬ್ಬರನ್ನ ಒಂದೇ ಕೆಲಸಕ್ಕೆ ಕಳಿಸಿದ್ದಾರೆ ಅಂತ ಶುರುಮಾಡಿ. ಸೆರೆ ಸಿಕ್ಕ ಶತ್ರುವನ್ನ ಇಲ್ಮೇಟರ್‌ನವರು ಉಪಚಾರ ಮಾಡೋಣ ಅಂತಾರೆ, ಟೆಂಪಸ್‌ನವರು ಕೈಗೆ ಕತ್ತಿ ಕೊಟ್ಟು ಎದುರು ನಿಲ್ಲಿಸೋಣ ಅಂತಾರೆ. ಪಾತ್ರಗಳ ಮಾತುಕತೆಗೆ ನೀವು ಬೇರೇನೂ ಹುಡುಕಬೇಕಾಗಲ್ಲ.

ಮ್ಯಾಜಿಕ್ ಸಾಮಾನು ಹಂಚುವಾಗ ಒಂದು ಮಾತು: ನಾಲ್ವರಿಗೂ ಬೇಕಾಗೋ ಒಂದೇ ವಸ್ತು ನಿಧಿಯಲ್ಲಿ ಇಡಬೇಡಿ, ಜಗಳ ಆಗುತ್ತೆ. ಒಳ್ಳೆ ಬಿಲ್ಲು, ಚೈನ್ ಶರ್ಟ್, ಭಾರದ ಕವಚ ಹೀಗೆ ಒಬ್ಬೊಬ್ಬರಿಗೇ ಹೊಂದೋ ಹಾಗೆ ಇಡಿ.

ಶೀಟ್ ತಯಾರಾದ ಮೇಲೆ ನಾಲ್ವರ ಸ್ಪೆಲ್ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕಿ. ಯಾವುದು ಎರಡು ಕಡೆ ಬಂದಿದೆ, ಯಾವುದು ಬಿಟ್ಟುಹೋಗಿದೆ ಅಂತ ನೋಡಿ ಹೇಳ್ತೀನಿ.